ಸದ್ದು ತೆಗೆದ ಪ್ರತಿ

ಮದುವೆಯ ವಿಡಿಯೊದಲ್ಲಿ ನಾವು ಮೊದಲು ತೆಗೆದುಹಾಕುವುದು ಸದ್ದನ್ನು. ಪುರೋಹಿತರ ಮೈಕು, ಜನರೇಟರಿನ ಗುರುಗುರು, ಊಟದ ಹಾಲ್‌ನಿಂದ ಬರುವ ತಟ್ಟೆ ಲೋಟಗಳ ಸಪ್ಪಳ ಎಲ್ಲ ಸೇರಿದರೆ ಕೇಳಲಿಕ್ಕಾಗುವುದಿಲ್ಲ. ಅದನ್ನು ಅಳಿಸಿ ಮೇಲೊಂದು ನಾಗಸ್ವರ ಹಾಕಿದರೆ ಯಾವ ಮದುವೆಯೂ ಸುಖವಾಗಿ ಕಾಣುತ್ತದೆ. ಇನ್ನೊಂದು ಕಾರಣವೂ ಉಂಟು. ಸಾನಪಾಡಾದ ಒಂದು ಮದುವೆಯಲ್ಲಿ ಹುಡುಗನ ಸೋದರತ್ತೆ, ಕ್ಯಾಮೆರಾದ ಮೈಕು ಬೆನ್ನ ಹಿಂದೆಯೇ ಇದೆಯೆಂದು ಗೊತ್ತಿಲ್ಲದೆ, ಮದುಮಗಳ ಸರದ ಬಗ್ಗೆ ಪಕ್ಕದವರ ಕಿವಿಯಲ್ಲಿ ಒಂದು ಮಾತು ಹೇಳಿದರು. ಅದು ಹಾಗೆಯೇ ಡಿವಿಡಿಯಲ್ಲಿ ಹೋಯಿತು. ಎರಡು ಮನೆಯವರ ನಡುವೆ ಮಾತು ನಿಂತಿತು, ಬೈಗುಳ ಮಾತ್ರ ನನಗೆ ಬಂತು. ಅಲ್ಲಿಂದ ಮೇಲೆ ಕೋಪರಖೈರಣೆಯ ನನ್ನ ಸ್ಟುಡಿಯೊದಿಂದ ಹೊರಬೀಳುವ ಯಾವ ಮದುವೆಯಲ್ಲೂ ಮನುಷ್ಯರು ಮಾತಾಡುವುದಿಲ್ಲ, ಬರೀ ಬಾಯಿ ಆಡಿಸುತ್ತಾರೆ.

ಪೊಲೀಸರ ಕೆಲಸ ನನಗೆ ಬಂದದ್ದು ಆಷಾಢದಲ್ಲಿ. ನಮ್ಮ ಉಡುಪಿ ಕಡೆ ಆಟಿ ತಿಂಗಳು ಎನ್ನುತ್ತೇವೆ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ವಿಡಿಯೊದವನು ಕ್ಯಾಮೆರಾ ಒರೆಸುತ್ತಾ ಕೂರಬೇಕು. ಮೊಬೈಲಿನಲ್ಲಿ ಊರಿಗೂರೇ ಶೂಟಿಂಗ್ ಮಾಡುವ ದಿನಗಳು ಆಗ ಇನ್ನೂ ಬಂದಿರಲಿಲ್ಲ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಟೇಪಿನ ಕಾಲ. ಮೋರ್ಚಾ, ರಸ್ತೆ ತಡೆ, ಗುಡಿಸಲು ತೆರವು ಎಂದು ಬಂದೋಬಸ್ತು ಹಾಕುವಾಗ ಸ್ಟೇಷನ್ನಿನವರು ಹೊರಗಿನ ಒಬ್ಬ ವಿಡಿಯೊದವನನ್ನು ಕರೆದುಕೊಂಡು ಹೋಗುತ್ತಿದ್ದರು. ನಾಳೆ ಕೋರ್ಟಿನಲ್ಲಿ ಯಾರಾದರೂ ಕೇಳಿದರೆ ತೋರಿಸಲು ಒಂದು ಸಾಕ್ಷಿ ಇರಲಿ ಎಂದು. ಯಾರ ಪರವಾದ ಸಾಕ್ಷಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ನೀರು ಹಾಕಿದ್ದಾನೆ ಎಂದುಕೊಳ್ಳುವವನು ನಾನು. ಆದರೂ ಆ ಕೆಲಸಕ್ಕೆ ಹೋದೆ, ಏಕೆಂದರೆ ಖಾಲಿ ಕೂತರೆ ಹೆಂಡತಿಯ ಮೇಲೂ ಅನುಮಾನ ಶುರುವಾಗುತ್ತದೆ, ಅದು ಯಾರಿಗೂ ಒಳ್ಳೆಯದಲ್ಲ.

ಜಾಗ ರಬಾಳೆ. ಕಾರ್ಖಾನೆಗಳ ಸಾಲಿನ ಹಿಂದೆ ಬಿಜಾಪುರದ ಕಡೆಯ ಕೂಲಿಕಾರರ ಗುಡಿಸಲುಗಳಿದ್ದವು. ರಸ್ತೆ ಅಗಲ ಮಾಡುವವರು ನೀರಿನ ಪೈಪು ಒಡೆದು ಹಾಕಿ, ಸರಿಮಾಡುತ್ತೇವೆ ಎಂದು ಹೇಳಿ ಹೋದವರು ಮತ್ತೆ ಬಂದಿರಲಿಲ್ಲ. ಮಳೆಗಾಲ, ಮೇಲಿನಿಂದ ಬೇಕಾದಷ್ಟು ನೀರು; ಕುಡಿಯಲು ಮಾತ್ರ ಇಲ್ಲ. ಹೆಂಗಸರು ಖಾಲಿ ಕೊಡ, ಡಬ್ಬಗಳನ್ನು ರಸ್ತೆಯ ಮಧ್ಯೆ ಸಾಲಾಗಿ ಇಟ್ಟು ಅದರ ಹಿಂದೆ ಕುಳಿತಿದ್ದರು. ಅವರ ಹಿಂದೆ ಗಂಡಸರು. ಎಲ್ಲರ ಹಿಂದೆ ರಸ್ತೆ ಕೆಲಸಕ್ಕೆ ತಂದು ಸುರಿದಿದ್ದ ಜಲ್ಲಿಯ ರಾಶಿ, ಅದರ ಮೇಲೆ ಕೆಲವು ಪಡ್ಡೆ ಹುಡುಗರು ನಿಂತಿದ್ದರು. ಆ ಜಲ್ಲಿಯ ರಾಶಿ ನನಗೆ ಮೊದಲ ನೋಟದಲ್ಲೇ ಹಿಡಿಸಲಿಲ್ಲ.

ನನ್ನನ್ನು ಕರೆತಂದವನು ಸ್ಟೇಷನ್ನಿನ ಕಾಗದಪತ್ರ ನೋಡಿಕೊಳ್ಳುವ ರೈಟರ್ ಹವಾಲ್ದಾರ. ದಪ್ಪ ಮೀಸೆ, ಮೃದು ಮಾತು. ಪೊಲೀಸ್ ವ್ಯಾನಿನ ಮೇಲೆ ನನ್ನ ಟ್ರೈಪಾಡ್ ಕಟ್ಟಲು ಅವನೇ ಕೈ ಹಾಕಿದ.

"ಚೆಹರಾ ಲೇ, ಅಣ್ಣಾ. ಪಹಲೀ ಲೈನ್ ಕಾ ಏಕೇಕ್ ಚೆಹರಾ. ಔರ್ ಬಡೇ ಸಾಹೇಬ್ ಆಯೇ ತೋ ಸಾಹೇಬ್ ಕೋ ಲೇ."

ನನಗೆ ನಗು ಬಂತು. ಮುಂದಿನ ಸಾಲಿನವರ ಮುಖ, ಮುಖ್ಯ ಅತಿಥಿಯ ಆಗಮನ. ಮದುವೆಯಲ್ಲೂ ಇದನ್ನೇ ಹೇಳುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ, ಸ್ಟೇಷನ್ನಿನ ಇನ್‌ಸ್ಪೆಕ್ಟರ್ ತಾಳ್ಮೆಯಿಂದಲೇ ಇದ್ದ. ಟ್ಯಾಂಕರ್ ಬರುತ್ತಿದೆ, ರಸ್ತೆ ಬಿಡಿ ಎಂದು ಮೈಕಿನಲ್ಲಿ ಮರಾಠಿಯಲ್ಲೂ ಹಿಂದಿಯಲ್ಲೂ ಹೇಳಿದ. ಲಾರಿಗಳು ಕಣ್ಣು ಹಾಯುವಷ್ಟು ದೂರ ನಿಂತಿದ್ದವು. ಕುಳಿತವರ ನಡುವೆ ಒಬ್ಬ ಮನುಷ್ಯ ಓಡಾಡುತ್ತಿದ್ದ. ಹೆಗಲ ಮೇಲೆ ಟವೆಲು, ಮೊಣಕಾಲವರೆಗೆ ಮಡಚಿದ ಪ್ಯಾಂಟು. ಅವರ ಮೇಸ್ತ್ರಿ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟಾಗ ನನ್ನ ಕಿವಿ ಅರ್ಧ ಮುಚ್ಚಿಹೋಗುತ್ತದೆ. ಕೆಳಗೆ ವ್ಯಾನಿನ ಎಂಜಿನ್ ಬೇರೆ. ಮುಖ ಸ್ಪಷ್ಟವಾಗಿ ಬಂತು, ಅಷ್ಟು ಸಾಕಾಯಿತು ನನಗೆ.

ಆಗ ಹೆಗಲ ಮೇಲೆ ತಟ್ಟಿದ ಹಾಗಾಯಿತು. ರೈಟರ್.

"ಸಾಹೇಬ್ ಆಯೇ, ಅಣ್ಣಾ. ಇಧರ್, ಇಧರ್."

ನಾನು ಕ್ಯಾಮೆರಾ ತಿರುಗಿಸಿದೆ. ಬಿಳಿ ಕಾರು ಬಂದು ನಿಂತಿತು. ದೊಡ್ಡ ಸಾಹೇಬರು ಇಳಿದರು, ಟೋಪಿ ಸರಿಮಾಡಿಕೊಂಡರು, ಬೂಟಿಗೆ ಕೆಸರಾಗದಂತೆ ಹೊಂಡ ದಾಟಿದರು. ನಾನು ಮುಖ್ಯ ಅತಿಥಿಯನ್ನು ಹಿಡಿಯುವ ಹಾಗೆ ಅಲುಗಾಡದೆ ಹಿಡಿದೆ. ಬೆನ್ನ ಹಿಂದೆ ಸೀಟಿ ಊದಿದ ಸದ್ದು, ಗದ್ದಲ. ಮತ್ತೆ ಕ್ಯಾಮೆರಾ ತಿರುಗಿಸುವಷ್ಟರಲ್ಲಿ ರಸ್ತೆಯ ತುಂಬ ಲಾಠಿ. ಕೊಡಗಳು ಉರುಳುತ್ತಿದ್ದವು. ಜಲ್ಲಿ ರಾಶಿಯ ಪಡ್ಡೆಗಳು ಒಬ್ಬರೂ ಅಲ್ಲಿರಲಿಲ್ಲ. ಮೇಸ್ತ್ರಿ ನೆಲದ ಮೇಲೆ ಬಿದ್ದಿದ್ದ, ಬಲಗೈಯನ್ನು ತಲೆಗೆ ಅಡ್ಡ ಹಿಡಿದಿದ್ದ, ಆ ಕೈಯ ಮೇಲೆಯೇ ಏಟು ಬೀಳುತ್ತಿತ್ತು. ಈಚೆ ಬದಿಯಲ್ಲಿ ಒಬ್ಬ ಎಳೆಯ ಕಾನ್ಸ್‌ಟೇಬಲ್ಲು ಹುಬ್ಬು ಒಡೆದು ರಕ್ತ ಸುರಿಸಿಕೊಂಡು ವ್ಯಾನಿಗೆ ಒರಗಿ ಕುಳಿತಿದ್ದ. ಕೆಳಗಿಳಿದು ನನ್ನ ನೀರಿನ ಬಾಟಲಿಯನ್ನು ಅವನಿಗೆ ಕೊಟ್ಟೆ. ಆ ರಕ್ತವೂ ಸುಳ್ಳಲ್ಲ, ಇದನ್ನು ಇಲ್ಲಿಯೇ ಹೇಳಿಬಿಡಬೇಕು.

ಮಧ್ಯಾಹ್ನ ರೈಟರ್ ನನ್ನ ಜೊತೆಯಲ್ಲೇ ಸ್ಟುಡಿಯೊಗೆ ಬಂದ. ಟೇಪನ್ನು ಕಂಪ್ಯೂಟರಿಗೆ ಇಳಿಸಿ ಡಿವಿಡಿ ಮಾಡಿ ಕೊಡಬೇಕಿತ್ತು. ಟೇಪು ಎಷ್ಟು ಹೊತ್ತಿನದೋ ಇಳಿಯಲೂ ಅಷ್ಟೇ ಹೊತ್ತು ಬೇಕು. ಅವನು ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ. ಮೊದಲ ಭಾಗ ಇಳಿಯುವಾಗ ನಾನು ಒಳಗೆ ಊಟಕ್ಕೆ ಹೋಗಿದ್ದೆ; ಬಂದು ಕೂತಾಗ ಸ್ಪೀಕರಿನಲ್ಲಿ ಪೊಲೀಸರ ಬೈಗುಳ ಒಂದೆರಡು ಕೇಳಿತು, ಅಮ್ಮ ಅಕ್ಕಂದಿರನ್ನೆಲ್ಲ ಎಳೆದು ತಂದದ್ದು. ಅವನು ಲೋಟ ಕೆಳಗಿಟ್ಟ.

"ಆವಾಜ್ ನಿಕಾಲ್ ದೇ, ಅಣ್ಣಾ. ಅಪನೇ ಲೋಗ್ ಕಾ ಗಾಲೀ ಹೈ. ಬಡೇ ಸಾಹೇಬ್ ಕೀ ಮೀಟಿಂಗ್ ಮೇ ಚಲೇಗಾ ಯೇ."

ದೊಡ್ಡ ಸಾಹೇಬರ ಮೀಟಿಂಗಿನಲ್ಲಿ ತಮ್ಮವರ ಬೈಗುಳ ಕೇಳಿಸಬಾರದು ಎಂದು ಅವನು ಕೇಳಿದ್ದು ಸಹಜವಾಗಿಯೇ ಇತ್ತು. ಸೋದರತ್ತೆಯ ಪ್ರಕರಣ ನೆನಪಾಗಿ, ನಾನು ಒಂದು ಗುಂಡಿ ಒತ್ತಿದೆ, ಸದ್ದು ಹೋಯಿತು. ಅವನು ಡಿವಿಡಿ ಒಯ್ದ, ಟೇಪು ಕೇಳಲಿಲ್ಲ. ನಾನು ಟೇಪನ್ನು ಮೇಜಿನ ಕೆಳಗಿನ ಬಿಸ್ಕೆಟ್ ಡಬ್ಬಕ್ಕೆ ಹಾಕಿದೆ. ಗಿರಾಕಿ ಡಿವಿಡಿ ಒಪ್ಪಿಕೊಂಡ ಮೇಲೆ ಟೇಪುಗಳು ಆ ಡಬ್ಬಕ್ಕೆ ಹೋಗುತ್ತವೆ, ಮುಂದಿನ ಮದುವೆ ಅವುಗಳ ಮೇಲೆಯೇ ಬರುತ್ತದೆ. ಎಷ್ಟೋ ಜೋಡಿಗಳ ಮೇಲೆ ಎಷ್ಟೋ ಜೋಡಿಗಳು ಕೂತಿದ್ದಾರೆ ಆ ಡಬ್ಬದಲ್ಲಿ.

ಪೇಪರಿನಲ್ಲಿ ಬಂದದ್ದನ್ನು ಪಕ್ಕದ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಓದಿದೆ. ಗುಂಪು ಕಲ್ಲು ತೂರಿತು, ಪೊಲೀಸರು ಸೌಮ್ಯ ಬಲ ಪ್ರಯೋಗಿಸಿದರು. 'ಸೌಮ್ಯ ಬಲ' ಎನ್ನುವ ಎರಡು ಶಬ್ದಗಳ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆ ಬಲವನ್ನು ನಾನು ಹತ್ತಿರದಿಂದ ಹಿಡಿದಿದ್ದೆ, ಸೌಮ್ಯವಾದದ್ದೇನೂ ಕಿಂಡಿಯಲ್ಲಿ ಕಂಡಿರಲಿಲ್ಲ. ಆದರೂ ಪೇಪರು ಮಡಿಚಿಟ್ಟು ಇಡ್ಲಿ ತಿಂದೆ.

ಕೆಲವು ದಿನ ಕಳೆದು ಒಬ್ಬ ಹೆಂಗಸು ಬಂದಳು. ಒದ್ದೆ ಸೆರಗು, ಕೈಯಲ್ಲಿ ಮುರಿದ ಕೊಡೆ. ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು.

"ಅಣ್ಣಾರ, ಪೊಲೀಸರ ಗಾಡಿ ಮ್ಯಾಲ ಶೂಟಿಂಗ್ ಮಾಡಿದವ್ರು ನೀವಽ ಏನ್ರಿ? ನಮ್ಮ ಕನ್ನಡದವ್ರ ಅಂತ ಹೋಟೆಲಿನವ್ರು ಹೇಳಿದ್ರು."

ಮೇಸ್ತ್ರಿಯ ಹೆಂಡತಿ. ಗಂಡ ಕಲ್ಯಾಣದ ಜೈಲಿನಲ್ಲಿದ್ದಾನೆ, ಬಲಗೈ ಮುರಿದಿದೆ. ಪೊಲೀಸನ ತಲೆ ಒಡೆಸಿದವನು, ಜನರನ್ನು ಎತ್ತಿಕಟ್ಟಿದವನು ಅವನೇ ಎಂದು ಕೇಸು.

"ಕಲ್ಲ ಒಗೀರಿ ಅಂತ ತಮ್ಮ ಭಾಷಾದಾಗ ಒದರ್ಯಾನ ಅಂತ ಬರದಾರ್ರಿ. ಅವ್ರು ಅಂದದ್ದು ಹಂಗಲ್ರಿ. ಕುಂದರ್ರಿ, ಯಾರೂ ಏಳಬ್ಯಾಡ್ರಿ, ಕಲ್ಲ ಮುಟ್ಟಬ್ಯಾಡ್ರಿ ಅಂದಾರ. ನಾ ಅಲ್ಲೇ ಇದ್ದೇನ್ರಿ. ನಿಮ್ಮ ಮಿಷನ್ನಿನಾಗ ಅದು ಬಂದಿರ್ತದಲ್ರಿ?"

ಯಾರ ಹೆಂಡತಿಯಾದರೂ ಹೀಗೆಯೇ ಹೇಳುತ್ತಾಳೆ ಎಂದುಕೊಂಡೆ. ರಸ್ತೆಯ ಆಚೆ ಚಹಾದ ಗಾಡಿಯ ಹತ್ತಿರ ಒಂದು ಪೊಲೀಸ್ ಜೀಪು ನಿಂತಿತ್ತು. ಅದು ಚಹಾಕ್ಕೆ ನಿಂತದ್ದೋ ಇವಳ ಹಿಂದೆ ಬಂದದ್ದೋ? ಅಥವಾ ನಾನು ಟೇಪು ಇಟ್ಟುಕೊಂಡಿದ್ದೇನೆಯೇ ಎಂದು ನೋಡಲು ಅವರೇ ಇವಳನ್ನು ಕಳಿಸಿದರೋ? ನನ್ನ ತಲೆ ಓಡುವುದೇ ಹಾಗೆ.

"ಟೇಪ್ ನನ್ನ ಹತ್ತಿರ ಇಲ್ಲಮ್ಮ. ಪೊಲೀಸರಿಗೆ ಕೊಟ್ಟಾಯಿತು," ಎಂದೆ.

ಅವಳು ಥಾಣೆಯ ವಕೀಲರ ಫೋನ್ ನಂಬರು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟು ಹೋದಳು. ಸ್ಟುಡಿಯೊದ ಹಿಂಬದಿಯೇ ನಮ್ಮ ಮನೆ; ಒಳಗಿನಿಂದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು.

"ಟೇಪ್ ಉಂಟಲ್ಲ ಮಾರಾಯ್ರೆ ಡಬ್ಬದಲ್ಲಿ. ಇಲ್ಲ ಅಂತ ಎಂತಕ್ಕೆ ಹೇಳಿದ್ದು?"

"ಅವಳು ಯಾರು ಅಂತ ಯಾರಿಗೆ ಗೊತ್ತು?"

"ನಿಮಗೆ ದೇವರು ಬಂದು ನಿಂತರೂ ಪುರಾವೆ ಕೇಳುವ ಬುದ್ಧಿ," ಎಂದು ಅವಳು ಒಳಗೆ ಹೋದಳು.

ಇಷ್ಟಕ್ಕೇ ಬಿಟ್ಟುಬಿಡುತ್ತಿದ್ದೆನೋ ಏನೋ. ಬಿಡಲು ಕೊಡದವನು ರೈಟರ್. ಮರುದಿನ ಯೂನಿಫಾರ್ಮ್ ಇಲ್ಲದೆ ಬಂದ. ಮಗಳ ನಾಮಕರಣದ ಶೂಟಿಂಗ್ ಬಗ್ಗೆ ಕೇಳಿದ, ಚಹಾ ತರಿಸಿದರೆ ಕುಡಿದ. ಗೋಡೆಗೆ ಹಚ್ಚಿದ ಕಪಾಟಿನ ಟೇಪುಗಳನ್ನು ನೋಡುತ್ತಾ ಸುಮ್ಮನೆ ಕೇಳುವವನ ಹಾಗೆ ಕೇಳಿದ.

"ತುಮ್ ಲೋಗ್ ಟೇಪ್ ಫಿರ್ ಸೇ ವಾಪರ್ತೇ ಹೋ ನಾ, ಅಣ್ಣಾ?"

"ಹಾಂ, ಮತ್ತೆ ಮತ್ತೆ ಹಾಕ್ತೇವೆ," ಎಂದು ಹಿಂದಿಯಲ್ಲಿ ಹೇಳಿದೆ.

"ಅಚ್ಛಾ ಹೈ. ಶ್ರಾವಣ್ ಆ ರಹಾ ಹೈ. ಸೀಸನ್."

ಅಷ್ಟೇ. ಹೆದರಿಸಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ. ಲೋಟವನ್ನು ತಾನೇ ಬಾಗಿಲ ಬಳಿ ಇಟ್ಟು ಹೋದ. ಆದರೆ ನನ್ನ ಕಿವಿ ನೆಟ್ಟಗಾಯಿತು. ಯಾವ ಪೊಲೀಸಿಗೂ ನನ್ನ ಬಿಸ್ಕೆಟ್ ಡಬ್ಬದ ಚಿಂತೆ ಸುಮ್ಮನೆ ಬರುವುದಿಲ್ಲ. ಆ ಹೆಂಗಸಿನ ಮಾತನ್ನು ನಾನು ನಂಬಿರಲಿಲ್ಲ. ಅವಳ ಮಾತಿನಲ್ಲಿ ಏನೋ ಇದೆಯೆಂದು ನಂಬಿಸಿದವನು ಇವನು.

ಅವನು ಹೋದ ಕೂಡಲೇ ಡಬ್ಬ ಸುರಿದೆ. ಟೇಪು ತಳದಲ್ಲಿತ್ತು. ಮೊದಲು ಮಾಡಿದ ಕೆಲಸ ಅದರ ಬೆನ್ನಿನ ಮೇಲಿರುವ ಚಿಕ್ಕ ಕೀಲಿಯನ್ನು ಪಕ್ಕಕ್ಕೆ ಸರಿಸಿದ್ದು. ಅದನ್ನು ಸರಿಸಿದರೆ ಆ ಟೇಪಿನ ಮೇಲೆ ಯಾರೂ ಇನ್ನೊಂದು ದಾಖಲೆ ಮಾಡಲಾಗುವುದಿಲ್ಲ, ನಾನು ಮರೆತು ಹಾಕಿದರೂ ಕ್ಯಾಮೆರಾ ತಿರಸ್ಕರಿಸುತ್ತದೆ. ಆಮೇಲೆ ಶಟರ್ ಅರ್ಧ ಇಳಿಸಿ, ಹೆಡ್‌ಫೋನ್ ಹಾಕಿ ಕುಳಿತೆ.

ಚಿತ್ರದಲ್ಲಿ ಮೇಸ್ತ್ರಿ ಕೈ ಎತ್ತುತ್ತಾನೆ. ಸದ್ದಿಲ್ಲದೆ ನೋಡಿದರೆ ಖಂಡಿತ ಜನರನ್ನು ಎಬ್ಬಿಸುವವನ ಹಾಗೆಯೇ ಕಾಣುತ್ತಾನೆ. ಈಗ ಸದ್ದು ಬಂತು.

"ಕುಂದರ್ರೀ. ಯಾರೂ ಏಳಬ್ಯಾಡ್ರಿ. ಏ ತಮ್ಮಾ, ಕಲ್ಲ ಕೆಳಗ ಹಾಕು. ಕೆಳಗ ಹಾಕಂದ್ರ ಹಾಕು. ನೀರ ಕೇಳಾಕ ಬಂದೇವಿ, ಜಗಳಾಕಲ್ಲ. ಕುಂದರ್ರೀ."

ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದೆ. ಕ್ಯಾಮೆರಾ ತಿರುಗಿ ಬಿಳಿ ಕಾರು ಬಂತು, ಸಾಹೇಬರು ಟೋಪಿ ಸರಿಮಾಡಿಕೊಂಡರು. ಚಿತ್ರದಲ್ಲಿ ಅವರು, ಸದ್ದಿನಲ್ಲಿ ರಸ್ತೆ. ಮೊದಲು ತಗಡಿಗೆ ಏನೋ ಬಡಿದ ಸಪ್ಪಳ. ಆಮೇಲೆ ಸೀಟಿ. ಆಮೇಲೆ ಲಾಠಿ, ಹೆಂಗಸರ ಕೂಗು, ಮತ್ತೆ ತಗಡಿನ ಸಪ್ಪಳ, ಒಂದರ ಹಿಂದೆ ಒಂದು. ಆ ಮೊದಲನೆಯದು ವ್ಯಾನಿಗೆ ಬಿದ್ದ ಕಲ್ಲೋ, ಉರುಳಿದ ಕೊಡವೋ? ಎಷ್ಟು ಸಲ ಹಿಂದೆ ಮುಂದೆ ಮಾಡಿ ಕೇಳಿದರೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಕಲ್ಲು ಮೊದಲೋ ಲಾಠಿ ಮೊದಲೋ ಎಂದು ಯಾರಾದರೂ ಆಣೆ ಮಾಡಿ ಹೇಳಿದರೆ ಅವರನ್ನು ನಾನು ನಂಬುವುದಿಲ್ಲ. ನಿಖರವಾಗಿ ಆ ಹೊತ್ತಿಗೇ ನನ್ನ ಹೆಗಲು ತಟ್ಟಿದ್ದು ಕಾಕತಾಳೀಯವೋ ಅಲ್ಲವೋ ಅದೂ ಗೊತ್ತಿಲ್ಲ.

ಆದರೆ ಮುಂದಿನದಕ್ಕೆ ಅನುಮಾನವೇ ಇರಲಿಲ್ಲ. ಕ್ಯಾಮೆರಾ ಹಿಂದಕ್ಕೆ ತಿರುಗಿದಾಗ ಕಲ್ಲಿದ್ದವರು ಓಡಿಹೋಗಿದ್ದರು. ಉಳಿದವರು ಕುಳಿತವರು. ಮೇಸ್ತ್ರಿ ಬಿದ್ದಿದ್ದ, ಕೈಯ ಮೇಲೆ ಏಟು ಬೀಳುತ್ತಿತ್ತು, ಅವನು ಆಗಲೂ ಕೂಗುತ್ತಿದ್ದ. ನೋವಿಗೆ ಕೂಗುತ್ತಿದ್ದಾನೆ ಎಂದು ಅವತ್ತು ನಾನು ಅಂದುಕೊಂಡಿದ್ದೆ. ಅವನು "ಕುಂದರ್ರೀ" ಎನ್ನುತ್ತಿದ್ದ.

ಪೊಲೀಸರು ಕೈ ಎತ್ತಲೇಬಾರದು ಎನ್ನುವವನು ನಾನಲ್ಲ. ಡೊಂಬಿವಲಿಯಲ್ಲಿ ಗಣಪತಿ ಮುಳುಗಿಸುವ ದಿನ, ಸೇತುವೆಯ ಬಾಯಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುವಂತಾದಾಗ, ನಾಲ್ಕು ಜನ ಪೊಲೀಸರು ಲಾಠಿಯನ್ನು ಅಡ್ಡ ಹಿಡಿದು, ಒಂದಿಬ್ಬರಿಗೆ ಬಾರಿಸಿ, ಗುಂಪನ್ನು ಹಿಂದಕ್ಕೆ ತಳ್ಳಿದ್ದನ್ನು ನೋಡಿದ್ದೇನೆ. ಅವತ್ತು ಆ ಏಟು ಬೀಳದಿದ್ದರೆ ಮಕ್ಕಳು ಕಾಲಡಿಯಲ್ಲಿ ಸಾಯುತ್ತಿದ್ದರು. ಕಲ್ಲು ಹಿಡಿದ ಕೈಗೆ ಬೀಳುವ ಏಟಿಗೂ ನಾನು ಅಳುವವನಲ್ಲ. ನನ್ನ ಅಭಿಪ್ರಾಯ ಇಷ್ಟೇ: ಎದುರಿನವನು ಕುಳಿತರೆ ಲಾಠಿಯ ಕೆಲಸ ಮುಗಿಯಿತು. ಆಮೇಲೆ ಬೀಳುವ ಏಟು ಕೆಲಸವಲ್ಲ, ಕೋಪ. ಕೋಪ ಮಾಡಿಕೊಳ್ಳಲು ಸರಕಾರ ಯಾರಿಗೂ ಯೂನಿಫಾರ್ಮ್ ಹೊಲಿಸಿ ಕೊಡುವುದಿಲ್ಲ. ಹುಬ್ಬು ಒಡೆದ ಆ ಹುಡುಗನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಏಟು ಕೊಟ್ಟವರು ಹುಬ್ಬು ಒಡೆಸಿಕೊಂಡವರಲ್ಲ, ತಿಂದವರು ಕಲ್ಲು ಎಸೆದವರಲ್ಲ.

ಮರುದಿನ ವಕೀಲರಿಗೆ ಫೋನು ಮಾಡಿದೆ. ಯಾವ ಧೈರ್ಯದಿಂದ ಎಂದು ಕೇಳಿದರೆ ಹೇಳಲಾರೆ. ನನ್ನ ಡಬ್ಬದ ಮೇಲೆ ಇನ್ನೊಬ್ಬ ಕಣ್ಣು ಹಾಕಿದ್ದು ನನಗೆ ಸಹಿಸಲಾಗಲಿಲ್ಲ, ಅದೂ ಇರಬಹುದು.

ಥಾಣೆಯ ಕೋರ್ಟಿನ ಹತ್ತಿರ ಒಂದು ಗಲ್ಲಿಯ ಮಾಳಿಗೆಯಲ್ಲಿ ವಕೀಲರ ಕಚೇರಿ. ಮಧ್ಯವಯಸ್ಸಿನ ಮರಾಠಿ ಹೆಂಗಸು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಮೊದಲು ಕೇಳಿದ ಪ್ರಶ್ನೆ, ನಿಮ್ಮನ್ನು ಕಳಿಸಿದ್ದು ಪೊಲೀಸರೇ ಎಂದು. ನನಗೆ ಆಕೆ ಹಿಡಿಸಿದಳು. ಅನುಮಾನದಲ್ಲಿ ನನ್ನ ಜಾತಿಯವಳು ಎನಿಸಿತು.

ಆಕೆ ಹೇಳಿದ್ದು ಸ್ಪಷ್ಟವಾಗಿತ್ತು. ಪ್ರತಿ ಬೇಡ, ಮೂಲ ಟೇಪೇ ಬೇಕು. ಅದು ತುಂಡಾಗದೆ, ಮೊದಲಿನಿಂದ ಕೊನೆಯವರೆಗೆ. ಯಾವ ಕ್ಯಾಮೆರಾ, ಯಾರು ತೆಗೆದದ್ದು, ಎಲ್ಲಿಟ್ಟಿದ್ದು ಎಂದು ನಾನು ಪ್ರಮಾಣ ಮಾಡಿ ಬರೆದುಕೊಡಬೇಕು. ಪೊಲೀಸರ ಬೈಗುಳವೂ ಇರಲಿ, ಮೊದಲ ತಗಡಿನ ಸಪ್ಪಳವೂ ಇರಲಿ. "ನಮಗೆ ಬೇಕಾದದ್ದನ್ನು ಮಾತ್ರ ಕೊಟ್ಟರೆ ನಮಗೂ ಅವರಿಗೂ ಏನು ಫರಕ್ಕು?" ಎಂದು ಹಿಂದಿಯಲ್ಲಿ ಹೇಳಿದಳು. ಟೇಪನ್ನು ಆಕೆಗೆ ಕೊಡುವ ಮೊದಲು ಅದರ ಒಂದು ಪ್ರತಿಯನ್ನು ಸದ್ದು ಸಮೇತ ಇಳಿಸಿಟ್ಟುಕೊಂಡೆ. ಆಕೆಯನ್ನೂ ಪೂರ್ತಿ ನಂಬಿರಲಿಲ್ಲ.

ಮೇಸ್ತ್ರಿಯ ಜಾಮೀನಿನ ವಿಚಾರಣೆಯ ದಿನ ಕೋರ್ಟಿನಲ್ಲಿ ನಾನು ಅಂದುಕೊಳ್ಳದ ಕಡೆಯಿಂದ ಏಟು ಬಂತು. ಸರಕಾರಿ ವಕೀಲರು ಎದ್ದು ನಿಂತು, ಈ ಮನುಷ್ಯ ಹೊಟ್ಟೆ ಹೊರೆಯುವುದೇ ಚಿತ್ರದ ಮೇಲೆ ಬೇರೆ ಸದ್ದು ಕೂರಿಸಿ ಎಂದರು. ಮದುವೆಗೆ ನಾಗಸ್ವರ ಹಾಕುವವನಿಗೆ ಇಲ್ಲೊಂದು ಧ್ವನಿ ಹಾಕುವುದು ಎಷ್ಟರ ಕೆಲಸ? ಮೇಲಾಗಿ ಆರೋಪಿಯ ಭಾಷೆಯೇ ಇವನ ಭಾಷೆ. ಪೊಲೀಸರಿಗೆ ಕೊಟ್ಟದ್ದರಲ್ಲಿ ಇಲ್ಲದ ಸದ್ದು ಈಗ ಎಲ್ಲಿಂದ ಬಂತು?

ಜೀವಮಾನವೆಲ್ಲ ಬೇರೆಯವರನ್ನು ಅನುಮಾನಿಸಿದವನು ನಾನು. ಕಟಕಟೆಯಲ್ಲಿ ನಿಂತು ಅನುಮಾನಕ್ಕೆ ಗುರಿಯಾಗುವುದು ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಕಿವಿ ಬಿಸಿಯಾಯಿತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ, ಸಿಟ್ಟು ಬಂದದ್ದು ಅದಕ್ಕೇ.

ಆ ತರಹದ ಕ್ಯಾಮೆರಾದಲ್ಲಿ ಸದ್ದು ಎರಡು ಬಗೆಯಲ್ಲಿ ದಾಖಲಾಗುತ್ತದೆ. ಒಂದು ಬಗೆಯಲ್ಲಿ ಜಾಗ ಉಳಿದಿರುತ್ತದೆ. ಆಮೇಲೆ ಅದೇ ಟೇಪಿನಲ್ಲಿ ಇನ್ನೊಂದು ಧ್ವನಿಯನ್ನು ಸೇರಿಸಬಹುದು. ಇನ್ನೊಂದರಲ್ಲಿ ಜಾಗವೇ ಇರುವುದಿಲ್ಲ, ಸೇರಿಸಹೋದರೆ ಕ್ಯಾಮೆರಾ ಒಪ್ಪುವುದಿಲ್ಲ. ನಾನು ಯಾವಾಗಲೂ ಎರಡನೆಯದರಲ್ಲೇ ಇಡುತ್ತಿದ್ದೆ, ನನ್ನ ಟೇಪಿನ ಮೇಲೆ ಇನ್ನೊಬ್ಬ ಕೈಯಾಡಿಸಬಾರದೆಂದು. ಇದನ್ನು ನಾನು ಹೇಳಿದರೆ ಸಾಲದು. ಟೇಪನ್ನು ಅರಗು ಹಚ್ಚಿ ಸರಕಾರಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವವರೆಗೆ ಜಾಮೀನು ಮುಂದೆ ಹೋಯಿತು, ಮೇಸ್ತ್ರಿ ಕಲ್ಯಾಣದ ಜೈಲಿನಲ್ಲೇ ಉಳಿದ. ಮುರಿದ ಕೈ ಅಲ್ಲಿ ಹೇಗೆ ಕೂಡಬೇಕೋ ಹಾಗೆ ಕೂಡಲಿಲ್ಲ.

ಶ್ರಾವಣ ಬಂತು, ಗಣಪತಿಯೂ ಬಂದು ಹೋದ. ಜೀಪು ಚಹಾದ ಗಾಡಿಯ ಬಳಿ ನಿಲ್ಲುತ್ತಲೇ ಇತ್ತು. ಸ್ಟುಡಿಯೊದ ಬೋರ್ಡು ನಿಯಮದ ಪ್ರಕಾರ ಇಲ್ಲವೆಂದು ಒಬ್ಬರು ಬಂದು ಅಳತೆ ಹಿಡಿದರು. ನನ್ನ ಸ್ಕೂಟರನ್ನು ವಾಶಿಯಲ್ಲಿ ಮೇಲಿಂದ ಮೇಲೆ ತಡೆದು ಕಾಗದ ಕೇಳಿದರು. ಎಲ್ಲ ತಾನಾಗಿಯೇ ಆದದ್ದೂ ಇರಬಹುದು. ಹೆಂಡತಿ, "ಜೀಪಿನವರಿಗೂ ಚಹಾ ಬೇಕಲ್ಲ ಮಾರಾಯ್ರೆ," ಎನ್ನುತ್ತಿದ್ದಳು; ಆದರೆ ಸಂಜೆಯಾದ ಮೇಲೆ ಮಗಳನ್ನು ಒಬ್ಬಳೇ ಟ್ಯೂಷನ್ನಿಗೆ ಕಳಿಸುವುದನ್ನು ಅವಳೂ ನಿಲ್ಲಿಸಿದ್ದಳು. ಪೊಲೀಸರ ಶೂಟಿಂಗ್ ಮತ್ತೆ ನನಗೆ ಬರಲಿಲ್ಲ. ರೈಟರನ ಮಗಳ ನಾಮಕರಣವನ್ನು ಯಾರು ತೆಗೆದರೋ ತಿಳಿಯದು.

ಕೊನೆಗೆ ವರದಿ ಬಂತು: ಸದ್ದು ಚಿತ್ರದ ಜೊತೆಗೇ ದಾಖಲಾದದ್ದು, ಸೇರಿಸಿದ್ದಲ್ಲ. ಆ ಮಾತುಗಳ ಅರ್ಥ ಹೇಳಲು ನಾನು ಆಗುವುದಿಲ್ಲವೆಂದು ಡೊಂಬಿವಲಿಯ ಕನ್ನಡ ಶಾಲೆಯಿಂದ ನಿವೃತ್ತರಾದ ಒಬ್ಬ ಟೀಚರನ್ನು ಕರೆಸಿದ್ದರು. ನನ್ನ ಕ್ಯಾಮೆರಾದಿಂದಲೇ ಟೇಪು ಹಾಕಿದೆವು. ಟೀಚರ್ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿ, ಒಂದೊಂದೇ ವಾಕ್ಯವನ್ನು ಮರಾಠಿಯಲ್ಲಿ ಹೇಳಿದರು: ಖಾಲೀ ಬಸಾ. ದಗಡ್ ಖಾಲೀ ಟಾಕಾ. ಕುಳಿತುಕೊಳ್ಳಿ, ಕಲ್ಲು ಕೆಳಗೆ ಹಾಕಿ. ಮೇಸ್ತ್ರಿ ಬಿದ್ದು ಏಟು ತಿನ್ನುವ ಜಾಗ ಬಂದಾಗ ಅವರು ಕಣ್ಣು ತೆರೆದರು. ಈಗಲೂ ಅದನ್ನೇ ಹೇಳುತ್ತಿದ್ದಾನೆ ಎಂದರು. ನ್ಯಾಯಾಧೀಶರು ತಮಗೂ ಕೇಳಿಸಲಿ ಎಂದು ಹೆಡ್‌ಫೋನ್ ತೆಗೆಸಿ ಸ್ಪೀಕರಿಗೆ ಹಾಕಿಸಿದರು. ಲಾಠಿಯ ಸದ್ದು ಆ ಕೋಣೆಯಲ್ಲಿ ಬೇರೆಯೇ ರೀತಿ ಕೇಳಿತು. ಹುಬ್ಬಿನ ಮೇಲೆ ಗಾಯದ ಗೆರೆಯಿದ್ದ ಕಾನ್ಸ್‌ಟೇಬಲ್ಲು ಹಿಂದಿನ ಬೆಂಚಿನಲ್ಲಿ ನೆಲ ನೋಡುತ್ತಾ ಕುಳಿತಿದ್ದ.

ಜಾಮೀನು ಆಯಿತು. ಮುಂದೆ ಕೇಸೂ ಬಿದ್ದುಹೋಯಿತು. ಇನ್‌ಸ್ಪೆಕ್ಟರಿಗೆ ಬದಲಿಯಾಯಿತು, ಅದು ಶಿಕ್ಷೆಯೋ ಬಡ್ತಿಯೋ ಯಾರೂ ಹೇಳಲಿಲ್ಲ. ಕುಳಿತವರಿಗೆ ಹೊಡೆದದ್ದಕ್ಕೆ ಯಾರನ್ನೂ ಯಾರೂ ಏನೂ ಕೇಳಲಿಲ್ಲ.

ಮೇಸ್ತ್ರಿ ನನ್ನ ಸ್ಟುಡಿಯೊಗೆ ಬಂದದ್ದು ಮರುವರ್ಷದ ಮಳೆಗಾಲ ಶುರುವಾದಾಗ. ನಾನು ಅವನನ್ನು ಕಿಂಡಿಯಲ್ಲೂ ಕಟಕಟೆಯಲ್ಲೂ ನೋಡಿದ್ದೆನೇ ಹೊರತು ಎದುರುಬದುರಾಗಿ ಮಾತಾಡಿರಲಿಲ್ಲ. ಬಲಗೈ ಮೊಣಕೈ ಕೆಳಗೆ ತುಸು ಸೊಟ್ಟಗಿತ್ತು. ಕುರ್ಚಿಯ ತುದಿಯಲ್ಲಿ ಕುಳಿತ. ಉಪಕಾರ, ಋಣ ಎಂದು ಶುರುಮಾಡುತ್ತಾನೆ ಎಂದು ನಾನು ಮುಜುಗರ ಪಡಲು ತಯಾರಾಗಿದ್ದೆ. ಅವನು ಹಾಗೇನೂ ಹೇಳಲಿಲ್ಲ.

"ಅಣ್ಣಾರ, ಓಣ್ಯಾಗಿನ ಮಂದಿ ಆ ಟೇಪ ನೋಡಬೇಕಂತಾರ್ರಿ. ಪೊಲೀಸರು ಏನ ಮಾಡಿದ್ರು ಅಂತ ಎಲ್ಲಾರೂ ಕೂಡಿ ನೋಡೂಣು ಅಂತಾರ. ಟಿವಿ ತರಸ್ಯಾರ. ನನಗೊಂದು ಕಾಪಿ ಮಾಡಿ ಕೊಡ್ರಿ."

"ಅದಕ್ಕೇನು, ಕೊಡುವ," ಎಂದು ಇಳಿಸಿಟ್ಟಿದ್ದ ಪ್ರತಿಯನ್ನು ತೆರೆದೆ. ಪರದೆಯ ಮೇಲೆ ಅವನೇ ಕೈ ಎತ್ತಿ ಕೂಗತೊಡಗಿದ. ಕುಂದರ್ರೀ, ಯಾರೂ ಏಳಬ್ಯಾಡ್ರಿ. ಕುರ್ಚಿಯಲ್ಲಿದ್ದವನು ಸ್ವಲ್ಪ ಹೊತ್ತು ನೋಡಿ ಮುಖ ತಿರುಗಿಸಿದ.

"ಆವಾಜ ತಗದು ಕೊಡ್ರಿ."

ನನಗೆ ತಕ್ಷಣ ರೈಟರ್ ನೆನಪಾದ. ಹಳೆಯ ಅನುಮಾನ ಎದ್ದು ಕುಳಿತಿತು. ಇವನನ್ನೂ ಯಾರಾದರೂ ಕೊಂಡುಕೊಂಡರೇ?

"ಯಾಕೆ ಮಾರಾಯ? ನಿನ್ನನ್ನು ಬಿಡಿಸಿದ್ದೇ ಆ ಸೌಂಡ್ ಅಲ್ವಾ?"

"ನನ್ನ ಬಿಡಿಸ್ತು, ಖರೆ ಅದ." ಅವನು ಸೊಟ್ಟ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. "ಅವತ್ತ ಕಲ್ಲ ಹಿಡಕೊಂಡ ಹುಡುಗೂರು ಓಡಿದ್ರು, ಒಬ್ಬಂಗೂ ಪೆಟ್ಟ ಬೀಳಲಿಲ್ರಿ. ನನ್ನ ಮಾತ ಕೇಳಿ ಕುಂತವ್ರಿಗೆ ಬಿತ್ತು. ನಮ್ಮ ಕಾಕಾನ ಹೇಂತಿ ಓಡೂ ಹೆಣಮಗಳು. ಏಳಾಕತ್ತಿದ್ಲು, ನಾನ ಕೈ ಮಾಡಿ ಕುಂದ್ರಿಸಿದ್ನಿ. ಮೊಣಕಾಲ ಚಿಪ್ಪ ಹೋತು, ಈಗ ಗ್ವಾಡಿ ಹಿಡದು ಅಡ್ಡಾಡ್ತಾಳ. ಎಲ್ಲಾರಿಗೂ ಗೊತ್ತದರಿ ಇದು. ಗೊತ್ತಿರೂದು ಬ್ಯಾರೆ. ಆಕಿ ಮುಂದ ಕುಂತು ಮತ್ತೊಮ್ಮೆ ನನ್ನ ಬಾಯಿಲೆ ಕೇಳಸೂದು ಬ್ಯಾರೆ."

ಆ ಟೇಪನ್ನು ಎಷ್ಟು ಸಲ ನೋಡಿದ್ದೆ, ಯಾರು ಮೊದಲು ಎಂದು ಎಷ್ಟು ತಲೆ ಕೆಡಿಸಿಕೊಂಡಿದ್ದೆ. ಓಡಿದವರು ಉಳಿದುಕೊಂಡರು, ಕುಳಿತವರು ಏಟು ತಿಂದರು ಎನ್ನುವುದು ಕಣ್ಣೆದುರಿಗೇ ಇತ್ತು. ಅದರ ಅರ್ಥ ಆ ಓಣಿಯ ಪ್ರತಿಯೊಬ್ಬರಿಗೂ ಅವತ್ತೇ ತಿಳಿದಿತ್ತು.

ಗುಂಡಿ ಒತ್ತಿದೆ. ಸದ್ದು ಹೋಯಿತು. ಡಿವಿಡಿ ಆಗುವವರೆಗೆ ಇಬ್ಬರೂ ಪರದೆಯ ಮೇಲೆ ಬಾಯಿ ತೆರೆದು ಮುಚ್ಚುವ ಮನುಷ್ಯನನ್ನು ನೋಡುತ್ತಾ ಕುಳಿತೆವು. ಕವರಿಗೆ ಹಾಕಿ ಕೊಟ್ಟೆ. ಅವನು ಅದನ್ನು ಅಂಗಿಯೊಳಗೆ, ಮಳೆ ತಾಗದ ಹಾಗೆ, ಸಿಕ್ಕಿಸಿಕೊಂಡು ಎದ್ದ. ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದ.

"ಮೊನ್ನಿಂದ ಮತ್ತ ನೀರ ಬಂದ್ ಆಗ್ಯಾವ್ರಿ. ಮಂದಿ ಮತ್ತ ರಸ್ತಾಕ್ಕ ಹೋಗೂಣು ಅನ್ನಾಕತ್ತಾರ. ಈ ಸಲ ನಾ ಏನಂತ ಒದರಬೇಕ್ರಿ, ಅಣ್ಣಾರ?"